ಏರಿಗೆ ಮಾತ್ರ ವೇದಾಂತ

ನಿಮ್ಮಲ್ಲಿ ಯಾರಿಗಾದರೂ ಇನ್ನೂ ಗುರುಗಳು ಸಿಕ್ಕಿಲ್ಲವೆಂಬ ಕೊರಗಿದ್ದರೆ ದಯವಿಟ್ಟು ನಮ್ಮ ಭಾವನನ್ನು ಬಂದು ಕಾಣಿ. ಅವರ ಹತ್ತಿರ ಬೇಕಾದಷ್ಟು ಜನ ಇದ್ದಾರೆ! ದತ್ತಾತ್ರೇಯ ಸ್ವಾಮಿಗೆ ಇಪ್ಪತ್ತನಾಲ್ಕು ಗುರುಗಳಿದ್ದರಂತೆ. ಭೂಮಿ, ನೀರು, ಹೆಬ್ಬಾವು, ಜೇನುಹುಳ, ಹೀಗೆ. ನಮ್ಮ ಭಾವ ಆ ಲೆಕ್ಕವನ್ನು ಒಂದೇ ಶನಿವಾರದಲ್ಲಿ, ಅದೂ ತಿಂಡಿಗೆ ಮೊದಲೇ ದಾಟಿಬಿಡುತ್ತಾರೆ. ಓತಿಕ್ಯಾತ, ಇರುವೆ, ಯಾರೋ ಬೀಳಿಸಿಕೊಂಡು ಹೋದ ಒಂಟಿ ಕೈಗವಸು, ಕಸದ ಡಬ್ಬಿ, ಎಲ್ಲವೂ ಗುರುಗಳೇ. ಇಂಥ ಶಿಷ್ಯ ಸಿಕ್ಕನಲ್ಲಾ ಎಂದು ಕಸದ ಡಬ್ಬಿಗೆ ಸಂತೋಷವಾಗಿರಬಹುದು. ಆ ಶಿಷ್ಯನ ಹಿಂದೆ ಬೆಟ್ಟ ಹತ್ತಬೇಕಾದ ನಮ್ಮ ಗತಿ ಏನು ಸ್ವಾಮಿ?

ಭಾವ ಎಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ. ನಾವು ಮೈಸೂರಿನವರು, ಅವರು ಧಾರವಾಡದವರು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕಣ್ಣಿಗೆ ಕಾಣದ್ದನ್ನು ನೋಡುವುದು ಅವರ ಕಸುಬು. ಹಾಗಾಗಿ ಕಣ್ಣಿಗೆ ಕಾಣುವುದರ ಗೊಡವೆಗೆ ಅವರು ಎಂದೂ ಹೋದವರಲ್ಲ. ಸೂರ್ಯನನ್ನು ಅವರು ಗಮನಿಸುತ್ತಿದ್ದದ್ದು ಫ್ರೀವೇಯಲ್ಲಿ ಮಾತ್ರ, ಅದೂ ಕಣ್ಣಿಗೆ ಹೊಡೆಯುತ್ತಾನೆಂದು ಬೈಯುವುದಕ್ಕೆ. ಸ್ಯಾನ್ ಹೊಸೆಯ ತಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ನಿಂಬೆಗಿಡವಿದೆ ಎಂಬುದು ಅವರಿಗೆ ತಿಳಿದದ್ದು ಪಕ್ಕದ ಮನೆಯಾಕೆ ಹಣ್ಣು ಕೇಳಲು ಬಂದ ದಿನ! ಒಮ್ಮೆ ಅಕ್ಕ ಊರಿಗೆ ಹೋಗುವಾಗ "ತುಳಸಿಗೆ ದಿನಾ ನೀರು ಹಾಕ್ರೀ, ಮರೀಬೇಡಿ" ಎಂದು ಹೇಳಿದ್ದೇ ಹೇಳಿದ್ದು. ಭಾವ ಮರೆಯಲಿಲ್ಲ. ಸ್ನಾನ ಮಾಡಿ, ಕೈಮುಗಿದು, ಒಂದು ದಿನವೂ ತಪ್ಪದೆ ನೀರು ಹಾಕಿದರು. ಅಕ್ಕ ವಾಪಸು ಬಂದು ನೋಡಿದರೆ ತುಳಸಿ ಒಣಗಿ ಕಡ್ಡಿಯಾಗಿದೆ, ಪಕ್ಕದ ಕುಂಡದ ಪುದೀನ ಸೊಂಪಾಗಿ ಬೆಳೆದು ನಿಂತಿದೆ.

ಇಂಥ ಮನುಷ್ಯನಿಗೆ ಇದ್ದಕ್ಕಿದ್ದಂತೆ ಹುಲ್ಲುಕಡ್ಡಿಯಲ್ಲೂ ಪರಮಾತ್ಮ ಕಾಣತೊಡಗಿದ್ದು ಅಕ್ಕನ ಹೃದಯದ ಆಪರೇಷನ್ ಆದಮೇಲೆ. ಕವಾಟ ಬದಲಾಯಿಸಿದ್ದು ಅಕ್ಕನಿಗೆ, ವೈರಾಗ್ಯ ಬಂದದ್ದು ಭಾವನಿಗೆ! "ಪಾಪ, ಹೆದರಿಬಿಟ್ಟಿದ್ದಾರೆ. ಹೆದರಿದವರಿಗೆ ದೇವರು ಬೇಗ ಕಾಣುತ್ತಾನೆ" ಎಂದು ನಮ್ಮ ಯಜಮಾನರು ಸೋಫಾದಿಂದ ತೀರ್ಪು ಕೊಟ್ಟರು. ನಾನೂ ಹೌದೆಂದೆ.

ಅಕ್ಕನ ವಿಷಯ ಸ್ವಲ್ಪ ಹೇಳದಿದ್ದರೆ ನಮ್ಮ ಶನಿವಾರಗಳ ಕಥೆ ನಿಮಗೆ ಅರ್ಥವಾಗುವುದಿಲ್ಲ. ಹುಡುಗಿಯಾಗಿದ್ದಾಗ ಅವಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನು ನೀವು ನೋಡಬೇಕಿತ್ತು! ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವವಳು ಅವಳು. ಕೈಬೀಸಿಕೊಂಡು ಹತ್ತುವವಳು ನಾನು. ನಂದಿಯ ಹತ್ತಿರ ಬರುವಷ್ಟರಲ್ಲಿ ನಾಲಿಗೆ ಹೊರಗೆ ಬರುತ್ತಿದ್ದದ್ದು ನನಗೆ! "ಸುಸ್ತಾಯ್ತೇನೇ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಆಪರೇಷನ್ನಿನ ದಿನ ಒಳಗೆ ಕರೆದೊಯ್ಯುವ ಮೊದಲು ನನ್ನ ಕೈ ಹಿಡಿದು ಹೇಳಿದ್ದೂ ಆ ಮೆಟ್ಟಿಲುಗಳ ಮಾತನ್ನೇ. "ಎದ್ದು ಬಂದ್ರೆ ಮತ್ತೆ ಮೆಟ್ಟಿಲಿಗೆಲ್ಲಾ ಅರಿಶಿನ ಕುಂಕುಮ ಹಚ್ಚಿ ಹತ್ತುತೀನಿ ಅಂತ ಹರಕೆ ಹೊತ್ತಿದೀನಿ ಕಣೆ. ಕಾರಲ್ಲಿ ಹೋಗಿ ಕೈಮುಗಿದು ಬರೋ ಹರಕೆ ಅಲ್ಲ, ನೆನಪಿಟ್ಕೊ."

ಎದ್ದು ಬಂದಳು. ಆದರೆ ಅಡುಗೆಮನೆಯಿಂದ ಮುಂಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು. ದಿನಾ ನಡೆಯಬೇಕು, ಮೆಲ್ಲಮೆಲ್ಲಗೆ ಏರು ಹತ್ತಿ ಅಭ್ಯಾಸ ಮಾಡಬೇಕು, ಕೂತುಬಿಟ್ಟರೆ ಕೂತೇಬಿಡುತ್ತೀರಿ ಎಂದರು ಡಾಕ್ಟರು. ಸರಿ, ಮಗಳ ಸ್ಕೂಲಿಗೆಂದು ನಾವು ಬಂದು ಕೂತಿರುವ ಕ್ಯುಪರ್ಟಿನೋದ ಪುಟ್ಟ ಅಪಾರ್ಟ್‌ಮೆಂಟಿನ ಹಿಂದೆ ದೊಡ್ಡದೊಂದು ಬೆಟ್ಟವಿದೆಯಲ್ಲ! ಬಾಡಿಗೆ ಕೊಡದೆ ಸಿಗುವ ಜಾಗ ಈ ಊರಿನಲ್ಲಿ ಅದೊಂದೇ. ಅದರ ತುದಿಯಲ್ಲಿ ಓಕ್ ಮರದ ಕೆಳಗೆ ಒಂದು ಬೆಂಚಿದೆ. "ಆ ಬೆಂಚು ಮುಟ್ಟಿದ ದಿನ ಮೈಸೂರಿಗೆ ಟಿಕೆಟ್ಟು" ಎಂದು ಅಕ್ಕ ಸಾರಿಬಿಟ್ಟಳು.

ಮೊದಲ ದಿನ ನಾನೂ ಅವಳೂ ಹೋದೆವು. ನಾನು ಸ್ವಲ್ಪ ಬಿರುಸಿನ ಹೆಂಗಸು. ನನಗೆ ನಡಿಗೆ ಎಂದರೆ ನಡಿಗೆಯಂತಿರಬೇಕು. ಮೊದಲ ತಿರುವಿನಲ್ಲಿ ತಿರುಗಿ ನೋಡಿ, ಪ್ರೀತಿಯಿಂದಲೇ, "ಸುಸ್ತಾಯ್ತಾ ಅಕ್ಕಾ? ಕೂತ್ಕೋತೀಯಾ?" ಎಂದು ಕೇಳಿದೆ. ಅಷ್ಟೇ! "ನಾನೇನು ರೋಗಿಷ್ಟೇನಾ?" ಎಂದು ಗಿರಕ್ಕನೆ ತಿರುಗಿ ಕಾರಿನ ಹತ್ತಿರ ಹೋಗಿ ನಿಂತವಳು, ಆಮೇಲೆ ಎಷ್ಟೋ ದಿನ ಬೆಟ್ಟದ ಸುದ್ದಿಯನ್ನೇ ಎತ್ತಲಿಲ್ಲ. ಕೂತಲ್ಲೇ ಕೂತಳು. ಡಾಕ್ಟರು ಹೆದರಿಸಿದ್ದೂ ಅದನ್ನೇ. ನಮ್ಮ ಮನೆಗಳಲ್ಲಿ 'ಸುಸ್ತು' ಎಂಬ ಶಬ್ದಕ್ಕೆ ಅವತ್ತೇ ನಿಷೇಧ ಬಿತ್ತು.

ಆಗ ಭಾವ ಹೇಳಿದರು, "ನಾನೂ ಬರ್ತೇನಿ ಬೆಟ್ಟಕ್ಕ." ಸೂರ್ಯನಿಗೆ ಬೈಯುತ್ತಿದ್ದ ಮನುಷ್ಯ! ಮುಂದಿನ ಶನಿವಾರ ಅಗಲವಾದ ಹ್ಯಾಟು, ಕೈಯಲ್ಲೊಂದು ಕೋಲು, ಲೇಬಲ್ಲು ಕೀಳದ ಹೊಸ ಬೂಟು, ಜೊತೆಗೆ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ. ಅಕ್ಕನನ್ನು ಅದು ಹೇಗೆ ಒಪ್ಪಿಸಿದರೋ! "ನನಗ ಒಬ್ಬಾವಗ ಹಾದಿ ತಿಳಿಯೂದಿಲ್ಲ, ನೀ ಜೋಡಿ ಬಾ" ಎಂದರಂತೆ. ನಾನು, ಬಲವಂತಕ್ಕೆ ಎದ್ದು ಬಂದ ನನ್ನ ಮಗಳು, ಅಕ್ಕ, ಭಾವ, ಹೀಗೆ ನಾಲ್ಕು ಜನ ಹೊರಟೆವು. ಮೊದಲ ತಿರುವು ಬಂತು.

"ಒಂದ್ ನಿಮಿಷ ನಿಂದರ್ರಿ!"

ನಾನು ಮಗಳನ್ನು ಹಿಂದಕ್ಕೆಳೆದುಕೊಂಡೆ. ಈ ಬೆಟ್ಟದಲ್ಲಿ ಮೌಂಟನ್ ಲಯನ್, ಅಂದರೆ ಚಿರತೆಯಂಥ ಬೆಟ್ಟದ ಸಿಂಹ, ಇದೆ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ. ನೋಡಿದರೆ ಬಂಡೆಯ ಮೇಲೆ ಒಂದು ಓತಿಕ್ಯಾತ, ಮುಂಗಾಲೂರಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದೆ.

"ನೋಡ್ರಿ, ಸೂರ್ಯನಮಸ್ಕಾರ!" ಎಂದರು ಭಾವ, ಗದ್ಗದಿತರಾಗಿ. "ಯಾರೂ ಹೇಳಿಕೊಟ್ಟಿಲ್ಲ, ಯಾವ ಯೋಗಾ ಕ್ಲಾಸಿಗೂ ಹೋಗಿಲ್ಲ. ಬಿಸಲು ಬಿದ್ದ ಕೂಡ್ಲೇ ತನ್ನ ಕೆಲಸಕ್ಕ ನಿಂತದ. ನಾವು ಹಾಸಿಗ್ಯಾಗ ಬಿದ್ದಿರ್ತೇವಿ. ಯಾರು ದೊಡ್ಡವರು, ಹೇಳ್ರಿ?"

"ದೊಡ್ಡಪ್ಪಾ, ಹೀ ಈಸ್ ಜಸ್ಟ್ ಶೋಯಿಂಗ್ ಆಫ್ ಫಾರ್ ದ ಗರ್ಲ್ಸ್," ಎಂದಳು ನನ್ನ ಮಗಳು. ಶಾಲೆಯಲ್ಲಿ ಎಲ್ಲವನ್ನೂ ಹೇಳಿಕೊಟ್ಟು ಹಾಳು ಮಾಡಿದ್ದಾರೆ.

ಭಾವ ತಬ್ಬಿಬ್ಬಾದರೆ ಕೇಳಿ! "ಇರಲಿ ಬಿಡವಾ. ನಮಸ್ಕಾರಕ್ಕ ಏನರ ಒಂದು ನೆವ ಬೇಕಾಗ್ತದ."

ನಾನು ಹೆಜ್ಜೆ ಎತ್ತಿದ್ದೆ. ಅಷ್ಟರಲ್ಲಿ ಅಕ್ಕ, "ಅಂದ್ರೆ ಏನ್ರೀ? ಹೆಣ್ಣು ಹಲ್ಲಿಗೋಸ್ಕರ ಮಾಡಿದ ನಮಸ್ಕಾರ ಸೂರ್ಯನಿಗೆ ಮುಟ್ಟುತ್ತಾ?" ಎಂದು ಕೇಳಬೇಕೆ! ಭಾವನಿಗೆ ಅಷ್ಟೇ ಸಾಕಾಯಿತು. ಸಕಾಮ ಭಕ್ತಿ, ನಿಷ್ಕಾಮ ಭಕ್ತಿ ಎಲ್ಲ ಮುಗಿಯುವಷ್ಟರಲ್ಲಿ ಆ ಓತಿಕ್ಯಾತಕ್ಕೇ ಬೇಸರವಾಗಿ ಬಂಡೆಯ ಕೆಳಗೆ ಹೋಗಿ ಮಲಗಿತು.

ಅಲ್ಲಿಂದ ಶುರುವಾದದ್ದು ನೋಡಿ, ಶನಿವಾರಕ್ಕೆ ಶನಿವಾರ ಬೆಳೆಯುತ್ತಲೇ ಹೋಯಿತು. ಈ ಕಡೆ ಭಾವನ ಪ್ರವಚನ, ಆ ಕಡೆ ಅಕ್ಕನ 'ಅಂದ್ರೆ ಏನ್ರೀ?' ಗಂಡ ತೌಡು ಕುಟ್ಟಿದರೆ ಹೆಂಡತಿ ಕೇರುತ್ತಾಳಲ್ಲಪ್ಪಾ ಎಂದು ನಾನು ಹಲ್ಲು ಕಡಿದುಕೊಂಡು ನಿಲ್ಲುತ್ತಿದ್ದೆ. ನನ್ನ ಕೈಗಡಿಯಾರ ಒಂದಿದೆ. ಸುಮ್ಮನೆ ನಿಂತರೆ ಅದು ಮಣಿಕಟ್ಟಿನ ಮೇಲೆ ಟಪಟಪ ತಟ್ಟಿ, ವಾಕಿಂಗ್ ಮುಗಿಯಿತೇ ಎಂದು ಕೇಳುತ್ತದೆ. ಭಾವನ ಜೊತೆ ಹೋದ ದಿನ ಅದು ಕೇಳಿ ಕೇಳಿ ಬಾಯಿ ಬತ್ತಿ ಸುಮ್ಮನಾಗುತ್ತಿತ್ತು.

ಒಂದು ದಿನ ಏರಿನ ನಡುವೆ ಒಬ್ಬ ಹೆಂಗಸು, ಕರುವಿನ ಗಾತ್ರದ ನಾಯಿ. ನಾಯಿ ದಾರಿಯ ಪಕ್ಕ ತನ್ನ ಕೆಲಸ ಮುಗಿಸಿತು. ಆಕೆ ಇಲ್ಲಿಯ ಪದ್ಧತಿಯಂತೆ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನೆತ್ತಿ, ಗಂಟು ಹಾಕಿ, ಕೈಯಲ್ಲಿ ತೂಗಾಡಿಸಿಕೊಂಡು ಹೊರಟಳು. ಕಸದ ಡಬ್ಬಿ ಇರುವುದು ಬೆಟ್ಟದ ಬುಡದಲ್ಲಿ.

"ಒಂದ್ ನಿಮಿಷ ನಿಂದರ್ರಿ! ನೋಡಿದ್ರಿಲ್ಲೋ? ಮಾಡಿದ್ದು ಅದು, ಹೊರೂದು ಇಕಿ. ಅದು ಬಾಲಾ ಅಲ್ಲಾಡಿಸಿಕೋತ ಮುಂದ ಓಡ್ಲಿಕತ್ತದ, ಇಕಿ ಗಂಟು ಹಿಡಕೊಂಡು ಹಿಂದ. ಇದs ನೋಡ್ರಿ ಸಂಸಾರ!"

"ಅಂದ್ರೆ ಏನ್ರೀ? ಗಂಟು ಬಿಸಾಕಿದ್ರೆ ಮೋಕ್ಷಾನಾ?" ಅಕ್ಕ ಬಂಡೆಗೊರಗಿ ಕೇಳಿದಳು.

"ಹಂಗ ಬಿಸಾಕಲಿಕ್ಕೆ ಬರೂದಿಲ್ಲ! ದಂಡ ಬೀಳ್ತದ. ಡಬ್ಬಿ ತನಕ ಹೊರಬೇಕು."

ಆ ಹೆಂಗಸು ತನ್ನನ್ನು ತೋರಿಸಿ ಏನೋ ಮಾತಾಡುತ್ತಿದ್ದಾರೆಂದು ತಿರುಗಿ ನೋಡಿದಳು. ಭಾವ ಆಕೆಗೆ ಭಕ್ತಿಯಿಂದ ಕೈಮುಗಿದರು. ಆಕೆಯೂ ಚೀಲ ಹಿಡಿದ ಕೈಯನ್ನೇ ಎತ್ತಿ ನಮಸ್ತೇ ಎಂದಳು. ನಾನು ಮುಖ ಎಲ್ಲಿಡಲಿ?

ಇನ್ನೊಂದು ಶನಿವಾರದ್ದು ಇದಕ್ಕಿಂತ ಘೋರ. ಅರ್ಧ ದಾರಿ ದಾಟಿದ ಮೇಲೆ ಒಂದು ಕಡಿದಾದ ಏರು ಬರುತ್ತದೆ. ಗಿಡವಿಲ್ಲ, ಕಲ್ಲಿಲ್ಲ, ಹುಳವಿಲ್ಲ, ಪಕ್ಕದ ಬೇಲಿ ಬಿಟ್ಟರೆ ಬರೀ ಮಣ್ಣು. ಇಲ್ಲಾದರೂ ಸಲೀಸಾಗಿ ದಾಟುತ್ತೇವೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಸರಿಯಾಗಿ ಮಧ್ಯದಲ್ಲಿ ಬಂತು, "ಒಂದ್ ನಿಮಿಷ ನಿಂದರ್ರಿ!" ಭಾವ ಮೇಲೆ ನೋಡಿದರು. ಕೆಳಗೆ ನೋಡಿದರು. ಅತ್ತಿತ್ತ ನೋಡಿದರು. ಏನಾದರೂ ಇದ್ದರಲ್ಲವೇ?

"ನೋಡ್ರಿ," ಎಂದರು ಕೊನೆಗೆ, "ಇಲ್ಲೆ ಏನೂ ಇಲ್ಲ!"

"ಅದಕ್ಕೇ ಹೋಗೋಣ ಭಾವಾ," ಎಂದೆ ನಾನು.

"ಅದಕ್ಕs ನಿಲ್ಲಬೇಕು! ಇದs ಬಯಲು. ಇಷ್ಟು ದಿನಾ ಇರೂದನ್ನ ನೋಡಿದಿವಿ. ಇಂದ ಇಲ್ಲದ್ದನ್ನ ನೋಡೂಣು."

ಇಲ್ಲದ್ದನ್ನು ಎಷ್ಟು ಹೊತ್ತು ನೋಡುವುದು ಸ್ವಾಮಿ? ಇರುವುದಾದರೆ ನೋಡಿ ಮುಗಿಸಬಹುದು! ಮಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ಅಕ್ಕ ಮಾತ್ರ ಸೆರಗಿಲ್ಲದಿದ್ದರೂ ಜಾಕೆಟ್ಟಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ, "ಅಂದ್ರೆ ಏನ್ರೀ, ಏನೂ ಇಲ್ಲ ಅಂದ್ರೆ?" ಎಂದು ಶ್ರದ್ಧೆಯಿಂದ ಕೇಳಿದಳು.

ಇಷ್ಟಕ್ಕೇ ನಿಂತಿದ್ದರೆ ಬರೀ ನಮ್ಮ ನಾಲ್ವರ ಕಷ್ಟವಾಗುತ್ತಿತ್ತು. ಶಿವರಾತ್ರಿ ಬಂತು ನೋಡಿ! ಅದರ ಹಿಂದಿನ ದಿನ ಮಗಳು ಓದುವುದಿದೆಯೆಂದು ಬೆಟ್ಟಕ್ಕೆ ಬಂದಿರಲಿಲ್ಲ. ಅವತ್ತು ಭಾವ ಒಂದು ಪೊದೆಯ ಮುಂದೆ ಸ್ತಂಭೀಭೂತರಾಗಿ ನಿಂತರು. ಆಗತಾನೇ ಚಿಗುರಿದ ಎಳೆಯ ಎಲೆಗಳು, ಎಣ್ಣೆ ಸವರಿದಂತೆ ಮಿರಮಿರ. ಒಂದೊಂದು ತೊಟ್ಟಿಗೂ ಮೂರು ಮೂರು ದಳ!

"ಬಿಲ್ವಪತ್ರಿ!" ಎಂದು ಕೂಗಿದರು. "ಅಮೇರಿಕಾದಾಗ ಬಿಲ್ವಪತ್ರಿ! ಶಿವಾ ನಮ್ಮ ಸಲುವಾಗಿ ಬಂದು ಇಲ್ಲೆ ನಿಂತಾನ!"

"ಬಿಲ್ವಕ್ಕೆ ಮುಳ್ಳಿರುತ್ತಲ್ರೀ?" ಎಂದಳು ಅಕ್ಕ, ಅಲ್ಲೇ ಇದ್ದ ಬಂಡೆಯ ಮೇಲೆ ಕೂತು.

"ಇಲ್ಲಿ ಶಿವಾ ಮೆತ್ತಗದಾನ," ಎಂದು ಭಾವ ಹ್ಯಾಟು ತೆಗೆದು, ಒಂದೊಂದೇ ಎಲೆಯನ್ನು ಮಂತ್ರ ಹೇಳುತ್ತಾ ಬಿಡಿಸಿ ಅದರೊಳಗೆ ತುಂಬಿದರು.

ಮಾರನೆಯ ದಿನ ಸ್ಯಾನ್ ಹೊಸೆಯ ಅವರ ಮನೆಯಲ್ಲಿ ಪೂಜೆ. ಹುಬ್ಬಳ್ಳಿ, ಬೆಳಗಾವಿ ಕಡೆಯ ನಾಲ್ಕಾರು ಸಂಸಾರಗಳು. ಬಿಲ್ವಾರ್ಚನೆ ನಡೆಯಿತು. ಪ್ರಸಾದದ ಎಲೆಯನ್ನು ಎಲ್ಲರೂ ಕಣ್ಣಿಗೊತ್ತಿಕೊಂಡೆವು. ಹೆಂಗಸರು ಮುಡಿದೆವು, ಗಂಡಸರು ಕಿವಿಗೆ ಸಿಕ್ಕಿಸಿಕೊಂಡರು. ಅಕ್ಕ ಒಬ್ಬಳು ಸಾಬುದಾನಿ ಖಿಚಡಿ ಮಾಡುತ್ತೇನೆಂದು ಅಡುಗೆಮನೆ ಬಿಟ್ಟು ಬರಲಿಲ್ಲ. ಮುಳ್ಳಿಲ್ಲದ ಬಿಲ್ವದ ಮೇಲೆ ಅವಳಿಗೆ ನಂಬಿಕೆ ಹುಟ್ಟಿರಲಿಲ್ಲ. ಕ್ಲಾಸು ಮುಗಿಸಿ ತಡವಾಗಿ ಬಂದ ನನ್ನ ಮಗಳು ದೇವರ ಮುಂದೆ ನಿಂತು ಕಿಟಾರನೆ ಕಿರುಚಿದಳು. "ಅಮ್ಮಾ! ದಟ್ಸ್ ಪಾಯಿಸನ್ ಓಕ್!"

ಮುಟ್ಟಿದರೆ ಮೈಯೇಳುವ ಆ ವಿಷದ ಎಲೆ ಈ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಂತೆ. ಮೂರೆಲೆ ಕಂಡರೆ ದೂರ ಇರು ಎಂದು ಬಾಲವಾಡಿಯಲ್ಲೇ ಪದ್ಯ ಹೇಳಿಕೊಡುತ್ತಾರಂತೆ. ನಮಗೆ ಹೇಳಿಕೊಟ್ಟಿದ್ದು ಮೂರೆಲೆ ಕಂಡರೆ ಶಿವನಿಗೆ ಏರಿಸು ಎಂದು! ಎರಡನೆಯ ದಿನಕ್ಕೆ ಶುರುವಾಯಿತು ತುರಿಕೆ. ನನ್ನ ಕಣ್ಣು ಹಲಸಿನ ತೊಳೆಯಾಯಿತು. ಕಿವಿಗೆ ಎಲೆ ಸಿಕ್ಕಿಸಿಕೊಂಡಿದ್ದ ಹುಬ್ಬಳ್ಳಿಯ ಮಹನೀಯರು ಒಂದು ವಾರ ಕ್ಯಾಮೆರಾ ಹಾಕದೆ ಮೀಟಿಂಗು ಮಾಡಿದರು. "ಆ ಎಲೆಯಿಂದ ನೀವು ಏನು ಮಾಡಿದಿರಿ?" ಎಂದು ಕೇಳಿದ ಡಾಕ್ಟರಿಗೆ ನಮ್ಮ ಯಜಮಾನರು "ಪೂಜೆ" ಎಂದು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಭಾವ ಮನೆಯಲ್ಲಿ ಎಲ್ಲರ ಬೈಗುಳವನ್ನೂ ತಲೆ ತಗ್ಗಿಸಿ ಕೇಳಿದರು. ಇನ್ನು ಪ್ರವಚನದ ಪೀಡೆ ತೊಲಗಿತು ಎಂದುಕೊಂಡೆ.

ಎಲ್ಲಿಯ ತೊಲಗುವುದು! ಮುಂದಿನ ಶನಿವಾರ ಮುಖಕ್ಕೆಲ್ಲ ಗುಲಾಬಿ ಬಣ್ಣದ ಮುಲಾಮು ಮೆತ್ತಿಕೊಂಡು ಹಾಜರು. ಅದೇ ಪೊದೆ ಬಂತು, ಆದರೆ ಈ ಸಲ ಮಾರು ದೂರದಿಂದ, "ಒಂದ್ ನಿಮಿಷ ನಿಂದರ್ರಿ! ವಿಷಾ ಎಲ್ಲಾ ತಾನು ಕುಡದಾ. ನಮಗ ಬರೇ ತುರಿಕಿ ಬಿಟ್ಟಾ. ಎಂಥಾ ಕರುಣಾಮಯಿ ನೋಡ್ರಿ!"

ಒಂದು ವಿಚಿತ್ರ ಮಾತ್ರ ನನಗೆ ಬಗೆಹರಿದಿರಲಿಲ್ಲ. ಈ ಮನುಷ್ಯನ ವೇದಾಂತವೆಲ್ಲ ಏರಿಗೆ ಮಾತ್ರ. ಇಳಿಯುವಾಗ ಅದೇ ಓತಿಕ್ಯಾತ ಅದೇ ಬಂಡೆಯ ಮೇಲೆ ದಂಡ ಹೊಡೆಯುತ್ತಿದ್ದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಮನೆಯಲ್ಲಂತೂ ಮೊದಲಿನ ಭಾವನೇ. ಪುದೀನಕ್ಕೆ ನೀರು ಹಾಕುವವರೇ. "ಜ್ಞಾನ ಬಿಸಿಗಾಳಿಯ ಹಾಗೆ, ಮೇಲಕ್ಕೆ ಮಾತ್ರ ಏರುತ್ತೆ" ಎಂದು ನಾನು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಚೆನ್ನಾಗಿಯೇ ನಗುತ್ತಿದ್ದರು.

ಹೀಗೇ ಅಕ್ಕ ತಿಂಗಳಿಗೊಂದು ತಿರುವಿನಂತೆ ಮೇಲೆ ಮೇಲೆ ಏರುತ್ತಾ ಬಂದಳು. ಬೆಂಚು ಮಾತ್ರ ಇನ್ನೂ ದೂರವಿತ್ತು. ಈ ಮಳೆಗಾಲದ ಒಂದು ಶನಿವಾರ ಕಾರಿನಿಂದ ಇಳಿಯುತ್ತಲೇ, "ಇವತ್ತು ಬೆಂಚು ಮುಟ್ಟೋದೇ. ಆಗ್ಲಿಲ್ಲ ಅಂದ್ರೆ ಹರಕೆ ಆಸೆ ಬಿಡ್ತೀನಿ" ಎಂದು ಬಿಟ್ಟಳು. ಹಾಗೆನ್ನಬೇಡ ಎನ್ನಲು ಭಾವ ಬಾಯಿ ತೆರೆದರು. "ಕೊಂಯ್" ಎಂದಿತು. ಶೀತವಾಗಿ ಅವರ ಗಂಟಲು ಪೂರ್ತಿ ಹೋಗಿತ್ತು!

ನನಗಾದ ಆನಂದವನ್ನು ಏನೆಂದು ಹೇಳಲಿ! ಪ್ರವಚನವಿಲ್ಲದ ಬೆಟ್ಟ! ನಾನು ಬೂಟಿನ ದಾರ ಬಿಗಿದು ಹೊರಟೇಬಿಟ್ಟೆ. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಹಿಂದಿನಿಂದ ಭಾವ ಕೋಲು ಆಡಿಸಿ ಏನೇನೋ ಸನ್ನೆ ಮಾಡುತ್ತಿದ್ದರು. ಮರ ತೋರಿಸಿದರು, ಆಕಾಶ ತೋರಿಸಿದರು. "ಗೊತ್ತಾಯ್ತು ಭಾವಾ, ಎಲ್ಲಾ ಬಯಲು!" ಎಂದು ನಕ್ಕು ಮುಂದೆ ನಡೆದೆ. ಆ ಕಡಿದಾದ ಏರಿನ ಮಧ್ಯಕ್ಕೆ ಬಂದಾಗ ಯಾರೋ ನನ್ನ ಜಾಕೆಟ್ಟಿನ ತೋಳನ್ನು ಗಟ್ಟಿಯಾಗಿ ಹಿಡಿದರು. ತಿರುಗಿದರೆ ಭಾವ. ಕಣ್ಣಲ್ಲಿ ನೀರು ತುಂಬಿದೆ. ಅವರು ಮರವನ್ನೂ ನೋಡುತ್ತಿರಲಿಲ್ಲ, ಆಕಾಶವನ್ನೂ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ.

ಅಕ್ಕ ಹತ್ತುತ್ತಿದ್ದಳು. ತುಟಿ ಬಿಳಿಚಿತ್ತು. ಒಂದು ಕೈ ಎದೆಯ ಮೇಲಿತ್ತು. ಮುಖದ ಮೇಲೊಂದು ನಗು ಇತ್ತಲ್ಲ, ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಸತ್ತರೂ ನಿಲ್ಲುತ್ತೇನೆ ಎನ್ನುವವಳಲ್ಲ ಅವಳು. 'ನಿಂತ್ಕೋ ಅಕ್ಕಾ' ಎಂದರೆ ಅಲ್ಲಿಂದಲೇ ತಿರುಗುತ್ತಾಳೆ, ಹರಕೆಯ ಆಸೆ ಬಿಡುತ್ತಾಳೆ, ಹೋಗಿ ಕೂತವಳು ಕೂತೇಬಿಡುತ್ತಾಳೆ. ಓತಿಕ್ಯಾತ, ನಾಯಿ, ಬಿಲ್ವ, ಏನೂ ಇಲ್ಲದ ಬಯಲು, ಎಲ್ಲವೂ ಒಂದೇ ಕ್ಷಣದಲ್ಲಿ ನನಗೆ ಅರ್ಥವಾಯಿತು.

"ಒಂದ್ ನಿಮಿಷ ನಿಂತ್ಕೊಳ್ಳಿ!" ಎಂದು ನಾನು ಕೂಗಿದೆ.

ಎಲ್ಲರೂ ನಿಂತರು. ಈಗ ಏನು ಹೇಳಲಿ? ಜನ್ಮದಲ್ಲಿ ಪ್ರವಚನ ಮಾಡಿದವಳಲ್ಲ. ತಾಯೀ ಚಾಮುಂಡೇಶ್ವರೀ, ಏನಾದರೂ ತೋರಿಸು ಎಂದು ನೆಲ ನೋಡಿದೆ. ತಾಯಿ ತೋರಿಸಿದಳು. ಒದ್ದೆ ಮಣ್ಣಿನ ಮೇಲೆ ಬನಾನಾ ಸ್ಲಗ್ಗು, ಅಂದರೆ ಬೆನ್ನ ಮೇಲೆ ಚಿಪ್ಪಿಲ್ಲದ, ಹಳದಿಯ, ಗೇಣುದ್ದದ ಲೋಳೆ ಹುಳ.

"ಇದನ್ನ ನೋಡಿ! ಬಸವನಹುಳಕ್ಕೆ ಬೆನ್ನ ಮೇಲೆ ಮನೆ ಇರತ್ತೆ. ಇದಕ್ಕೆ ಇಲ್ಲ. ಯಾಕಿಲ್ಲ? ಯಾಕಂದ್ರೆ... ಇದು ಹುಟ್ಟಿರೋದು ಕ್ಯುಪರ್ಟಿನೋದಲ್ಲಿ. ಇಲ್ಲಿ ಮನೆ ಮಾಡೋ ಆಸೇನ ಪೂರ್ತಿ ಬಿಟ್ಟುಬಿಟ್ಟಿದೆ. ಇದಕ್ಕೇ ವೈರಾಗ್ಯ ಅನ್ನೋದು!"

"ಅಮ್ಮಾ, ಆರ್ ಯೂ ಓಕೆ?" ಎಂದು ಮಗಳು ನನ್ನ ಹಣೆ ಮುಟ್ಟಿ ನೋಡಿದಳು.

ಅಕ್ಕ ಪಕ್ಕದ ಬೇಲಿಯ ಕಂಬಕ್ಕೆ ಒರಗಿದಳು. ಒಂದು ಉಸಿರು, ಇನ್ನೊಂದು ಉಸಿರು. ಆಮೇಲೆ, "ಅಂದ್ರೆ ಏನೇ? ಮನೆ ಬಿಟ್ಟು... ಅದು ಹೋಗ್ತಿರೋದಾದ್ರೂ ಎಲ್ಲಿಗೆ?" ಎಂದಳು.

ಎಲ್ಲಿಗೆಂದು ಹೇಳಲಿ! ಕಾಶಿಗೆ ಎಂದೆ. ಇದೇ ವೇಗದಲ್ಲಿ ಹೋದರೆ ಏಳು ಜನ್ಮ ಬೇಕೆಂದೆ, ಅದಕ್ಕೇ ಪುನರ್ಜನ್ಮದ ವ್ಯವಸ್ಥೆ ಇರುವುದೆಂದೆ. ಭಾವ ಪರಮ ಭಕ್ತನಂತೆ ಕೈಕಟ್ಟಿ ಕೇಳುತ್ತಿದ್ದರು. ಕಣ್ಣು ಮಾತ್ರ ಅಕ್ಕನ ತುಟಿಯ ಮೇಲೆ. ತುಟಿಗೆ ಬಣ್ಣ ಮರಳಿದಾಗ ನನ್ನತ್ತ ಸಣ್ಣಗೆ ತಲೆಯಾಡಿಸಿದರು. ಸಾಕು, ನಡಿ ಎಂದರ್ಥ. ಮುಂದೆ ಪಾಚಿಯ ಮೇಲೊಂದು ಪ್ರವಚನ, ಮುರಿದ ಕೊಂಬೆಯ ಮೇಲೊಂದು, ಏನೂ ಸಿಗದಾಗ ನನ್ನ ಕೈಗಡಿಯಾರದ ಮೇಲೊಂದು. ಹೀಗೆ ಬೆಂಚು ಬಂತು!

ಅಕ್ಕ ಮೊದಲು ಕೂರಲಿಲ್ಲ. ಜೇಬಿನಿಂದ ಪುಟ್ಟ ಕುಂಕುಮದ ಭರಣಿ ತೆಗೆದು, ಬಗ್ಗಿ, ಬೆಂಚಿನ ಕಾಲಿಗೆ ಒಂದು ಬೊಟ್ಟಿಟ್ಟಳು. ಆಮೇಲೆ ಕೂತು ಕೆಳಗಿನ ಊರನ್ನೆಲ್ಲ ನೋಡುತ್ತಾ ಗಳಗಳನೆ ಅತ್ತಳು. ಭಾವ ಆ ತುದಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತು, ಶೀತದ ನೆವದಲ್ಲಿ ಮೂಗು ಸೀಟತೊಡಗಿದರು. ಮಗಳು ಅವಲಕ್ಕಿಯ ಡಬ್ಬಿ ಹಿಡಿದು ಅವರ ಹತ್ತಿರ ಹೋದಳು.

"ನಿನ್ನ ಪ್ರವಚನ ಕೇಳೋಕಾಗಲ್ಲ ಕಣೆ," ಎಂದಳು ಅಕ್ಕ, ಕಣ್ಣೊರೆಸಿಕೊಂಡು. "ಅವರದ್ದೇ ವಾಸಿ."

ನಾನು ಬೆಚ್ಚಿಬಿದ್ದೆ. "ನಿನಗೆ ಗೊತ್ತಿತ್ತಾ?"

"ತುಳಸಿ ಯಾವುದು ಪುದೀನ ಯಾವುದು ಗೊತ್ತಿಲ್ಲದ ಮನುಷ್ಯ ದಾರೀಲಿರೋ ಇರುವೆಗೆಲ್ಲ ಕೈಮುಗಿದ್ರೆ ಕಟ್ಕೊಂಡವಳಿಗೆ ಗೊತ್ತಾಗಲ್ವಾ? ಮೊದಲನೇ ದಿನಾನೇ ಗೊತ್ತಾಯ್ತು. ಒಂದ್ ಸಲಾನೂ ಹಲ್ಲಿ ಕಡೆ ನೋಡ್ಲಿಲ್ಲ, ನನ್ನೇ ನೋಡ್ತಿದ್ರು."

"ಮತ್ತೆ ಆ 'ಅಂದ್ರೆ ಏನ್ರೀ'?"

ಅಕ್ಕ ನಾಚಿಕೊಂಡಳು. ಈ ವಯಸ್ಸಿನಲ್ಲಿ! "ಮೊದಮೊದಲು ಉಸಿರು ಸಾಲ್ತಿರಲಿಲ್ಲ, ಅದಕ್ಕೆ ಕೇಳ್ತಿದ್ದೆ. ಈಗೀಗ ಕೆಲವು ಸಲ ಉಸಿರು ಬಂದಿರತ್ತೆ, ಆದ್ರೂ ಕೇಳ್ತೀನಿ. ನಂಗೋಸ್ಕರ ಅಷ್ಟು ಸುಳ್ಳು ಹೇಳ್ತಾರಲ್ಲ, ಇನ್ನೊಂದು ಸ್ವಲ್ಪ ಹೇಳ್ಲಿ ಅನ್ಸತ್ತೆ. ನೀನು ಅವರಿಗೆ ಹೇಳಬೇಡ. ಗೊತ್ತಾದ್ರೆ ನಿಲ್ಲಿಸಿಬಿಡ್ತಾರೆ."

ಇಳಿಯುವಾಗ ನಾನು ಉತ್ಸಾಹದಲ್ಲಿ ಒಂದು ಅಣಬೆಯ ಮುಂದೆ "ಒಂದ್ ನಿಮಿಷ!" ಎಂದೆ. ಭಾವ ನನ್ನ ಕಿವಿಯ ಹತ್ತಿರ ಬಂದು, ಇದ್ದಬದ್ದ ಗಂಟಲಿನಲ್ಲಿ ಪಿಸುಗುಟ್ಟಿದರು. "ಇಳಿಯೂ ಮುಂದ ಬ್ಯಾಡವಾ ತಂಗಿ. ಅಕಿಗೆ ಬೇಕಾಗಿಲ್ಲ." ಸ್ವಲ್ಪ ತಡೆದು, "ಅಕಿಗೆ ಹೇಳಬ್ಯಾಡ ಮತ್ತ. ತಿಳದ್ರ ಬೆಟ್ಟಕ್ಕ ಬರೂದs ಬಿಡ್ತಾಳ" ಎಂದರು.

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ನಮ್ಮ ವಂಶಕ್ಕೇ ಗೊತ್ತು. ಈ ಎರಡನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಇಬ್ಬರೂ ನಾನು ಬರೆದದ್ದನ್ನು ಓದುವವರಲ್ಲ, ಆ ಧೈರ್ಯದ ಮೇಲೆ ನಿಮಗೆ ಹೇಳಿದೆ. ದಸರೆಗೆ ಟಿಕೆಟ್ಟುಗಳಾಗಿವೆ, ನಾನೂ ಹೋಗುತ್ತಿದ್ದೇನೆ. ಚಾಮುಂಡಿ ಬೆಟ್ಟದಲ್ಲಿ ಕೋತಿಗಳು ಧಾರಾಳವಾಗಿವೆಯೇ ಎಂದು ಭಾವ ಈಗಾಗಲೇ ನನ್ನನ್ನು ಗುಟ್ಟಾಗಿ ವಿಚಾರಿಸಿದ್ದಾರೆ.

ಮುಂದಿನ ಶನಿವಾರಕ್ಕೆ ಅವರ ಗಂಟಲು ಸರಿಹೋಯಿತು. ಮೊದಲ ತಿರುವಿಗೆ ಬಂದೆವು. "ಒಂದ್ ನಿಮಿಷ ನಿಂದರ್ರಿ!" ಎಂದು ಭಾವ ಒಂದು ಒಣ ಮುಳ್ಳುಗಿಡದ ಮುಂದೆ ನಿಂತರು. ಗಿಡದ ಹೆಸರು ಅವರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪ್ರವಚನ ಒಣಗಿದರೂ ಮುಳ್ಳು ಮುಳ್ಳೇ ಎಂಬಲ್ಲಿಗೆ ಬಂದು ಮುಗಿಯಿತು. ಅಕ್ಕ ಬೇಲಿಯ ಕಂಬಕ್ಕೊರಗಿದ್ದಳು, ಇನ್ನೂ ಬಾಯಿ ತೆರೆಯುವಷ್ಟು ಉಸಿರು ಬಂದಿರಲಿಲ್ಲ. ಮಣಿಕಟ್ಟಿನ ಮೇಲೆ ಕೈಗಡಿಯಾರ ಟಪಟಪ ತಟ್ಟಿ, ವಾಕಿಂಗ್ ಮುಗಿಯಿತೇ ಎಂದು ಕೇಳಿತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

"ಅಂದ್ರೆ ಏನು ಭಾವಾ?" ಎಂದು ಕೇಳಿದೆ.